ಕಾರಣದ ಕಾಲಂ ಖಾಲಿ

"ಸಾಕು, ನಿಲ್ಸಿ! ಕೀ ಮೇಲಿಂದ ಕೈ ತೆಗೀರಿ!"

ಕಿಟಕಿ ಗಾಜಿಗೆ ಯಾರೋ ಪಟಪಟ ಬಡಿದರು. ಅವಳು ಬೆಚ್ಚಿಬಿದ್ದಳು. ಆದರೂ ಕೈ ಕೀ ಬಿಡಲಿಲ್ಲ.

ಕರ್ರ್... ಕರ್ರ್... ಕರ್ರ್...

"ಮೇಡಂ, ಬ್ಯಾಟರಿ ಸತ್ತುಹೋಗುತ್ತೆ! ಆಮೇಲೆ ಈ ಗಾಡೀನ ನೀವೂ ನಾನೂ ಹೆಗಲ ಮೇಲೆ ಹೊತ್ಕೊಂಡು ಹೋಗ್ಬೇಕಾಗುತ್ತೆ!"

"ಹೊತ್ಕೊಂಡು ಹೋಗಿ! ನನಗೇನು!"

ಹಾಗೆ ಅಂದುಬಿಟ್ಟ ಮೇಲೆ ಅವಳಿಗೇ ಅಳು ಒತ್ತರಿಸಿಕೊಂಡು ಬಂತು. ಕೆಲಸಕ್ಕೆ ಸೇರಿ ಆರನೇ ದಿನ. ಸಂಚಾರಿ ಗ್ರಂಥಾಲಯದ ಈ ಗಾಡಿಗೆ ಡ್ರೈವರೂ ಅವಳೇ, ಪುಸ್ತಕ ಕೊಡುವವಳೂ ಅವಳೇ. ಬೀದಿ ಕಿರಿದು, ಗಾಡಿ ಅಗಲ. ಹಿಂದೆ ಇಪ್ಪತ್ತು ವಾಹನಗಳು ಒಂದೇ ಉಸಿರಿಗೆ ಹಾರ್ನ್ ಹೊಡೆಯುತ್ತಿದ್ದವು. ಇದು ಸಾಲದು ಎಂಬಂತೆ ಮೂರನೇ ಮಹಡಿಯ ಕಿಟಕಿಯಿಂದ ನಿವೃತ್ತ ಟೀಚರೊಬ್ಬರು ಬಗ್ಗಿ ನೋಡುತ್ತಿದ್ದರು. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಅವರು ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗಿಳಿಸಿ ಪುಸ್ತಕ ಮೇಲೆಳೆದುಕೊಳ್ಳುತ್ತಿದ್ದರು. ಬೀದಿಗೆಲ್ಲ ಅವರು ಬುಟ್ಟಿ ಟೀಚರ್. ಈಗಷ್ಟೇ ಮೇಲೇರಿದ ಬುಟ್ಟಿಯಲ್ಲಿ ಎರಡು ಪತ್ತೇದಾರಿ ಕಾದಂಬರಿಗಳಿದ್ದವು. ಅವರ ಕಣ್ಣು ಮಾತ್ರ ಬೀದಿಯ ಪತ್ತೇದಾರಿಯ ಮೇಲೇ ಇತ್ತು.

"ಯಾರ್ರೀ ನೀವು?" ಎಂದಳು, ಮೂಗೇರಿಸುತ್ತ.

"ಆ ತಿರುವಿನ ವರ್ಕ್‌ಶಾಪ್ ಮೆಕ್ಯಾನಿಕ್. ನಿಮ್ಮ ಇಲಾಖೆ ಗಾಡಿಗಳೆಲ್ಲ ನಮ್ಮ ಹತ್ರಾನೇ ಬರೋದು. ಬರಕ್ಕಾಗದೇ ಇರೋದನ್ನ ನಾನೇ ಹುಡುಕ್ಕೊಂಡು ಬರ್ತೀನಿ. ಏನಾಗಿದೆ?"

"ಕಾಣಲ್ವಾ? ಸ್ಟಾರ್ಟ್ ಆಗ್ತಿಲ್ಲ!"

"ಸ್ಟಾರ್ಟ್ ಆಗದೇ ಇರೋದರಲ್ಲಿ ಎರಡು ಥರ ಮೇಡಂ. ಕೀ ತಿರುಗಿಸಿದ್ರೂ ತುಟಿಪಿಟಕ್ಕನ್ನದೆ ಕೂರೋದು ಒಂದು. ಹೀಗೆ ಕರ್ ಕರ್ ಅಂತ ಸೆಲ್ಫ್ ತಗೊಂಡು, ಎಂಜಿನ್ ಹೊತ್ಕೊಳ್ಳದೇ ಇರೋದು ಇನ್ನೊಂದು. ನಿಮ್ಮದು ಎರಡನೇದು. ಬ್ಯಾಟರಿ ಚೆನ್ನಾಗಿದೆ, ಸೆಲ್ಫ್ ಚೆನ್ನಾಗಿದೆ. ಆದ್ರೆ ತಿರುಗೋದು ಬೇರೆ, ಹೊತ್ಕೊಳ್ಳೋದು ಬೇರೆ."

ಮೂವತ್ತರ ಆಸುಪಾಸು. ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಅಂಗಿಯ ಮೇಲೆ ಎಣ್ಣೆಯ ಕಲೆಗಳು ಎಷ್ಟಿದ್ದವೆಂದರೆ ಬಟ್ಟೆಯ ಬಣ್ಣ ಯಾವುದು, ಕಲೆಯ ಬಣ್ಣ ಯಾವುದು ಅಂತ ಅಂಗಿಗೇ ಮರೆತುಹೋಗಿತ್ತು. ಅವನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಅಲ್ಲಿ ಕಿವಿಯಿಟ್ಟ.

"ನಾನು ಹೂಂ ಅಂದಾಗ ಕೀ ಒಂದೇ ಒಂದು ಮೆಟ್ಟಿಲು ತಿರುಗಿಸಿ. ಪೂರ್ತಿ ಬೇಡ."

"ಕೀಗೆ ಮೆಟ್ಟಿಲಿರುತ್ತಾ?"

"ಎಲ್ಲದಕ್ಕೂ ಇರುತ್ತೆ ಮೇಡಂ. ನಾವು ಹಾರ್ಕೊಂಡು ಹೋಗ್ತೀವಿ, ಅಷ್ಟೇ. ಹೂಂ!"

ಅವಳು ತಿರುಗಿಸಿದಳು. ಅಷ್ಟು ಹಾರ್ನುಗಳ ನಡುವೆ ಅವನು ಕಣ್ಣು ಮುಚ್ಚಿ, ಮಲಗಿದ ಮಗುವಿನ ಉಸಿರು ಆಲಿಸುವವನ ಹಾಗೆ ನಿಂತ.

"ಏನಯ್ಯಾ, ಟ್ಯಾಂಕು ಗುಟ್ಟು ಹೇಳ್ತಿದೆಯಾ?" ಹಿಂದಿನ ಲಾರಿಯವನು ಕೂಗಿದ.

"ಹೇಳ್ತಿಲ್ಲ, ಅದೇ ತೊಂದರೆ!" ಇವನೂ ಕೂಗಿದ. ಆಮೇಲೆ ಅವಳ ಕಡೆ ತಿರುಗಿ, "ಎರಡು ಸೆಕೆಂಡು ಝುಂ ಅನ್ನಬೇಕಿತ್ತು. ಅನ್ನಲಿಲ್ಲ. ಪೆಟ್ರೋಲ್ ಮೇಲಕ್ಕೆ ಬರ್ತಿಲ್ಲ. ಸ್ವಲ್ಪ ಆ ಕಡೆ ಸರೀತೀರಾ? ಫ್ಯೂಸ್ ನೋಡ್ತೀನಿ."

ಸ್ಟೀರಿಂಗಿನ ಅಡಿಗೆ ತಲೆ ತೂರಿಸಿದ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿದ್ದ. ತಲೆ ಎತ್ತಿದಾಗ ಅವಳ ಕೆಂಪಗಾದ ಮುಖ ನೋಡಿದ. ಹಿಂದಿನ ಇಪ್ಪತ್ತು ವಾಹನ ನೋಡಿದ. ಮತ್ತೆ ಅವಳನ್ನು ನೋಡಿದ.

"ಫ್ಯೂಸ್ ಇರಬಹುದು. ತರ್ತೀನಿ." ಎರಡು ಹೆಜ್ಜೆ ಹೋದವನು ನಿಂತ. "ಅಲ್ಲೀವರೆಗೂ ಸುಮ್ನೆ ಕೂತು ಒಂದ್ಸಲ ನೆನಪು ಮಾಡ್ಕೊಳ್ಳಿ ಮೇಡಂ. ಈ ಗಾಡಿ ನಿಮ್ಮ ಕೈಗೆ ಕೊಟ್ಟೋರು ಹೋಗುವಾಗ ಏನಾದ್ರೂ ಹೇಳಿದ್ರಾ ಅಂತ."

ಏನು ಹೇಳಿದ್ರು? ಗಾಡಿಯ ಹಳೇ ಡ್ರೈವರ್ ಹೋದ ವಾರವಷ್ಟೇ ನಿವೃತ್ತರಾಗಿದ್ದರು. ಮೂವತ್ತು ವರ್ಷ ಓಡಿಸಿದ ಮನುಷ್ಯ. ಕೀ ಕೊಡುವಾಗ ಅತ್ತ ಇತ್ತ ನೋಡಿ ಕಿವಿಯಲ್ಲಿ...

ಅಯ್ಯೋ!

"ಡ್ಯಾಶ್‌ಬೋರ್ಡ್ ಕೆಳಗೆ, ನಿನ್ನ ಬಲಮಂಡಿ ಹತ್ರ ಒಂದು ಕಳ್ಳ ಸ್ವಿಚ್ ಇದೆ ಕಣಮ್ಮಾ. ಗಾಡಿ ಬಿಟ್ಟು ಇಳಿದಾಗಲೆಲ್ಲ ಆಫ್ ಮಾಡು. ಪೆಟ್ರೋಲ್ ಪಂಪು ನಿಲ್ಲುತ್ತೆ. ಕಳ್ಳ ಬಂದ್ರೂ ಕರ್ ಕರ್ ಅನ್ಸಿ ಅನ್ಸಿ ಸುಸ್ತಾಗಿ ಹೋಗ್ತಾನೆ. ಇದು ಡ್ರೈವರಿಂದ ಡ್ರೈವರ್‌ಗೆ ಮಾತ್ರ ಹೇಳೋ ಗುಟ್ಟು. ಕಚೇರಿಗೂ ಗೊತ್ತಿಲ್ಲ."

ಬುಟ್ಟಿಗೆ ಪುಸ್ತಕ ಹಾಕಲು ಇಳಿದಾಗ ವಿಧೇಯ ಶಿಷ್ಯೆಯಂತೆ ಆಫ್ ಮಾಡಿದ್ದಳು. ಹತ್ತಿದಾಗ ಮರೆತಿದ್ದಳು. ಅಂದರೆ ಈಗ ಗಾಡಿಯ ಕಳ್ಳ ಯಾರು? ಅವಳೇ!

ಟಕ್.

ಅವನು ಫ್ಯೂಸಿನ ಪೊಟ್ಟಣ ಹಿಡಿದು ಓಡೋಡಿ ಬರುವಷ್ಟರಲ್ಲಿ ಗಾಡಿ ಗುರ್ರೆನ್ನುತ್ತಿತ್ತು. ಪೊಟ್ಟಣ ಇನ್ನೂ ಒಡೆದಿರಲಿಲ್ಲ.

"ಅದು... ತಾನಾಗೇ..." ಅವಳು ತೊದಲಿದಳು.

"ಕೆಲವು ಗಾಡಿ ಹಾಗೇನೇ ಮೇಡಂ," ಎಂದ. ತುಟಿ ನಗಲಿಲ್ಲ, ಕಣ್ಣು ನಕ್ಕಿತು. ಲಾಗ್ ಪುಸ್ತಕ ತೆಗೆದು ನಿಯಮದಂತೆ ಬರೆದ. ದಿನಾಂಕ, ಸ್ಥಳ. ಲಕ್ಷಣ: ಸೆಲ್ಫ್ ತೆಗೆದುಕೊಳ್ಳುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೊನೆಯ ಕಾಲಂ, ಕಾರಣ. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದ.

ಆ ಖಾಲಿ ಜಾಗವನ್ನು ನೋಡಿ ಅವಳಿಗೆ ಜೀವ ಬಂದಂತಾಯಿತು. ಸದ್ಯ, ಕಂಡುಹಿಡಿಯಲಿಲ್ಲ!

ಹಾಗಂತ ಅವಳು ತಿಳಿದುಕೊಂಡಳು.

* * *

ಆಮೇಲಿನ ದಿನಗಳಲ್ಲಿ ವರ್ಕ್‌ಶಾಪಿನ ಮುಂದೆ ಹಾದುಹೋಗುವಾಗ ಗಾಡಿಯ ವೇಗ ತಾನಾಗಿ ಇಳಿಯತೊಡಗಿತು. ಗಾಡಿಗೆ ಮನಸ್ಸಿಲ್ಲ, ನಿಜ. ಬ್ರೇಕಿನ ಮೇಲೆ ಕಾಲಿಟ್ಟವಳಿಗೆ ಇತ್ತು.

ಆದರೆ ಕಾಣುತ್ತಿದ್ದದ್ದೇನು? ಯಾವುದೋ ವಾಹನದ ಅಡಿಯಿಂದ ಚಾಚಿಕೊಂಡ ಎರಡು ಬೂಟು. ದಿನಾ ಬೂಟು! ಗಾಡಿಯಲ್ಲಿ ಎರಡು ಸಾವಿರ ಪುಸ್ತಕಗಳಿದ್ದವು. ಪ್ರೇಮ ಕಾದಂಬರಿಗಳದ್ದೇ ಎರಡು ಸಾಲು. ಎಲ್ಲವನ್ನೂ ಅವಳು ಓದಿದ್ದಳು. ಕಣ್ಣಿಗೆ ಕಣ್ಣು ಸೇರಿದಾಗ ಏನಾಗುತ್ತದೆ ಅಂತ ನೂರಾರು ಪುಟಗಳಿದ್ದವು. ಬೂಟಿನ ಜೊತೆ ಮಾತು ಶುರು ಮಾಡುವುದು ಹೇಗೆ ಅಂತ ಒಬ್ಬ ಮಹಾಶಯನೂ ಬರೆದಿರಲಿಲ್ಲ.

ಅವನೋ, ಗ್ರಂಥಾಲಯದ ಕಡೆ ತಲೆ ಹಾಕಿಯೂ ಮಲಗುವವನಲ್ಲ.

ಒಂದು ಮಂಗಳವಾರ, ಶಾಲೆಯ ಗೇಟಿನ ಹತ್ತಿರ, ಅವಳ ಬೆರಳು ಬಲಮಂಡಿಯ ಪಕ್ಕ ಇಳಿಯಿತು.

'ಬೇಡ,' ಎಂದಿತು ಮನಸ್ಸು.

ಟಕ್, ಎಂದಿತು ಸ್ವಿಚ್ಚು.

ಗಾಡಿ ನಿಂತಿದೆ ಅಂತ ವರ್ಕ್‌ಶಾಪಿಗೆ ಸುದ್ದಿ ಮುಟ್ಟಿದ ಹತ್ತೇ ನಿಮಿಷದಲ್ಲಿ ಅವನು ಸೈಕಲ್ ಮೇಲೆ ಬಂದ, ಬೆವರಿಳಿಸುತ್ತ. ಮತ್ತೆ ಟ್ಯಾಂಕಿಗೆ ಕಿವಿ. ಮತ್ತೆ ಒಂದು ಮೆಟ್ಟಿಲು. ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತ ಹೇಳಿದ, "ಮೂರೇ ಮೇಡಂ ಇದಕ್ಕೆ ಬೇಕಾಗಿರೋದು. ಗಾಳಿ, ಪೆಟ್ರೋಲ್, ಕಿಡಿ. ಮೂರರಲ್ಲಿ ಒಂದಿಲ್ಲ ಅಂದ್ರೂ ಎಷ್ಟು ಸೆಲ್ಫ್ ಹೊಡೆದ್ರೂ ಅಷ್ಟೇ."

"ಮೂರೂ ಇದ್ದು ಹೊತ್ಕೊಳ್ಳದೇ ಇದ್ರೆ?"

ಅವನು ಬಾನೆಟ್ಟಿನೊಳಗಿಂದಲೇ ಹೇಳಿದ, "ಆಗ ಹೊತ್ತು ಗೊತ್ತು ಸರಿಯಿಲ್ಲ ಅಂತ. ಕಿಡಿ ಹಾರೋದು ಸ್ವಲ್ಪ ತಡ ಆಗ್ತಿರುತ್ತೆ."

ಅವನು ಸ್ಪ್ಯಾನರ್ ತರಲೆಂದು ಸೈಕಲ್ಲಿನ ಕಡೆ ಹೋದ. ತುಂಬಾ ನಿಧಾನವಾಗಿ ಹೋದ. ಟಕ್. ಗಾಡಿ ಸ್ಟಾರ್ಟ್ ಆಯಿತು!

"ಪುಸ್ತಕ ತಗೊಳ್ರೀ ಒಂದು," ಎಂದಳು, ಹೊರಡಲು ಬಿಡದೆ.

"ನಾನು ಪುಸ್ತಕ ಓದೋನಲ್ಲ ಮೇಡಂ, ಸದ್ದು ಓದೋನು. ನೋಡಿ, ಹಿಡ್ಕೊಳ್ಳಿ." ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಊರಿ, ಹಿಡಿಯನ್ನು ಅವಳ ಕಿವಿಗೆ ತಾಗಿಸಿದ. "ಕೇಳಿಸ್ತಾ?"

ದಬ್ ದಬ್ ದಬ್ ದಬ್... ಅಬ್ಬಾ! ಗಾಡಿಯ ಹೊಟ್ಟೆಯೊಳಗಿನದೆಲ್ಲ ಕಿವಿಗೇ ಬಂತು. ಅದರಲ್ಲಿ ಗಾಡಿಯದೆಷ್ಟು, ತನ್ನದೆಷ್ಟು ಅಂತ ಅವಳಿಗೆ ಬಿಡಿಸಿ ಹೇಳಲಾಗಲಿಲ್ಲ.

ಮೂರನೇ ಸಲ ಆಸ್ಪತ್ರೆಯ ಹಿಂಬದಿಯ ಗೇಟಿನಲ್ಲಿ. ಆ ದಿನ ಅವಳ ಹತ್ತಿರ ಫ್ಲಾಸ್ಕಿನಲ್ಲಿ ಕಾಫಿಯಿತ್ತು. ಲೋಟ ಎರಡಿದ್ದವು. ಅಕಸ್ಮಾತ್ತಾಗಿ ಕೆಟ್ಟು ನಿಂತ ಗಾಡಿಯಲ್ಲಿ ಎರಡು ಲೋಟ ಯಾಕಿದ್ದವು ಅಂತ ಅವನು ಕೇಳಲಿಲ್ಲ. ಕುಡಿದ. ಬಿಸಿ ಜಾಸ್ತಿ ಅಂತ ತುಂಬಾ ಹೊತ್ತು ಕುಡಿದ.

ಕೇಳಿದ್ದು ಅತ್ತಿಗೆ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ವಾರ್ಡಿನ ಕಿಟಕಿಯಿಂದ ಎಲ್ಲ ನೋಡಿದ್ದಳು.

"ಅಲ್ಲ ಕಣೇ, ಆ ಹಸಿರು ಓಲೆ ನೀನು ಗಾಡಿ ಕೆಡೋ ದಿನ ಮಾತ್ರ ಹಾಕ್ಕೊಳ್ತೀಯಲ್ಲ. ಇವತ್ತು ಕೆಡುತ್ತೆ ಅಂತ ಗಾಡಿ ನಿನಗೆ ಬೆಳಿಗ್ಗೇನೇ ಹೇಳುತ್ತಾ?"

"ಅತ್ತಿಗೇ!"

"ನಾಡಿ ಹಿಡಿಯೋದು ನನ್ನ ಕೆಲಸ ಕಣಮ್ಮ. ಗಾಡಿಗೆ ಜ್ವರ ಇಲ್ಲ, ನಿನಗಿದೆ. ನೆಟ್ಟಗೆ ಹೋಗಿ ಮಾತಾಡಬಾರದಾ?"

"ಏನಂತ ಮಾತಾಡ್ಲಿ? 'ನಿಮ್ಮ ಬೂಟು ಚೆನ್ನಾಗಿದೆ' ಅಂತಾನಾ?"

* * *

ಕಾಗದ ಬಂದದ್ದು ಆಮೇಲಿನ ಸೋಮವಾರ.

'ಮೂರು ತಿಂಗಳಲ್ಲಿ ಮೂರು ಬಾರಿ ಕಾರಣ ನಮೂದಾಗದೆ ನಿಂತ ವಾಹನವು ನಂಬಿಕೆಗೆ ಅರ್ಹವಲ್ಲ. ಗುರುವಾರ ತಪಾಸಣೆ. ಅನುತ್ತೀರ್ಣವಾದಲ್ಲಿ ಹರಾಜು. ಬದಲಿ ವಾಹನಕ್ಕೆ ಅವಕಾಶವಿಲ್ಲ.'

ಅವಳು ನಿಂತಲ್ಲೇ ಕೂತಳು. ಜೊತೆಗೆ ಅವನ ಮೂರು ವರದಿಗಳ ಪ್ರತಿ. ಮೂರರಲ್ಲೂ ಕೊನೆಯ ಕಾಲಂ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು.

ಬದಲಿ ಗಾಡಿ ಇಲ್ಲ! ಅಂದರೆ ಬುಟ್ಟಿ ಟೀಚರ್ ಪ್ರತಿ ಶುಕ್ರವಾರ ಬುಟ್ಟಿ ಇಳಿಸಿ, ಖಾಲಿ ಬುಟ್ಟಿಯನ್ನೇ ಮೇಲೆಳೆದುಕೊಳ್ಳಬೇಕು. ಇದೆಲ್ಲ ಯಾರಿಂದ? ಒಂದು ಲೋಟ ಕಾಫಿ ಕುಡಿಸಲು ಸ್ವಿಚ್ ಒತ್ತಿದವಳಿಂದ!

ತಪ್ಪು ನಮ್ಮದೇ ಅಂತ ಗೊತ್ತಾದಾಗ ಮನುಷ್ಯರು ಮೊದಲು ಮಾಡುವ ಕೆಲಸವೆಂದರೆ ಇನ್ನೊಬ್ಬರನ್ನು ಹುಡುಕುವುದು. ಅವಳು ಬಿರುಗಾಳಿಯಂತೆ ವರ್ಕ್‌ಶಾಪಿಗೆ ನುಗ್ಗಿದಳು. ಬೂಟಿನ ಮುಂದೆ ನಿಂತು, "ಹೊರಗೆ ಬನ್ರೀ!" ಎಂದಳು.

ಬಂದ. ಮುಖ ಅರಳಿತ್ತು. "ಗಾಡಿ ಮತ್ತೆ ಕೆಟ್ಟಿತಾ ಮೇಡಂ?"

"ಕಾರಣದ ಕಾಲಂ ಯಾಕೆ ಖಾಲಿ ಬಿಟ್ರಿ?" ಕಾಗದ ಅವನ ಎದೆಗೆ ಹಿಡಿದಳು.

ಓದಿದ. ಅರಳಿದ ಮುಖ ಮೆಲ್ಲಗೆ ಮುಚ್ಚಿಕೊಂಡಿತು. "ಇಷ್ಟಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ..."

"ಫ್ಯೂಸ್ ಅಂತ ಬರೀಬಹುದಿತ್ತು! ವೈರ್ ಅಂತ ಬರೀಬಹುದಿತ್ತು! ಇಲಿ ಕಡೀತು ಅಂತಾದ್ರೂ ಬರೀಬಹುದಿತ್ತು!"

"ಇಲಿ ಕಡಿದಿರಲಿಲ್ಲವಲ್ಲ ಮೇಡಂ. ನನಗೆ ಸುಳ್ಳು ಬರೆಯಕ್ಕೆ ಬರಲ್ಲ."

ಸುಳ್ಳು. ಆ ಮಾತು ನೇರ ಬಂದು ಅವಳಿಗೇ ನಾಟಿತು. ನಾಟಿದ್ದು ಕಾಣಬಾರದೆಂದು ದನಿ ಇನ್ನೂ ಏರಿಸಿದಳು.

"ಗೊತ್ತಾಯ್ತು ಬಿಡಿ! ಗಾಡಿ ಹರಾಜಾದ್ರೆ ನಿಮಗೆ ಒಂದು ಪೀಡೆ ಕಳೀತು. ಬಿಸಿಲಲ್ಲಿ ಸೈಕಲ್ ತುಳ್ಕೊಂಡು ಬರೋ ಕಷ್ಟ ಇರಲ್ಲ!"

"ಕಷ್ಟ ಅಂತ ನಾನು ಯಾವತ್ತಾದ್ರೂ ಅಂದ್ನಾ?"

"ಅನ್ನಬೇಕಾ? ಬರೀದೇ ಹೇಳಿದೀರಲ್ಲ!"

ಅವನೇನೋ ಹೇಳಲು ಬಾಯಿ ತೆರೆದ. ಸುತ್ತ ಕೆಲಸ ಮಾಡುತ್ತಿದ್ದವರನ್ನು ನೋಡಿದ. ಬಾಯಿ ಮುಚ್ಚಿ ಮತ್ತೆ ಲಾರಿಯ ಅಡಿಗೆ ಹೋದ. ಈ ಸಲ ಬೂಟುಗಳೂ ಒಳಗೆ ಸರಿದವು.

ಮನೆಗೆ ಬಂದು ಅತ್ತಿಗೆಯ ಹೆಗಲ ಮೇಲೆ ಮುಖ ಹುದುಗಿಸಿ ಎಲ್ಲ ಒದರಿದಳು. ಸ್ವಿಚ್ಚಿನ ಗುಟ್ಟು ಸಮೇತ.

"ನಿಜ ಹೇಳಿಬಿಡು."

"ಹೇಳಿದ್ರೆ ಕೆಲಸ ಹೋಗುತ್ತೆ ಅತ್ತಿಗೆ! ಹೋಗ್ಲಿ ಅಂದ್ರೆ... ಅವರಿಗೆ ಗೊತ್ತಾಗುತ್ತೆ. ಸುಳ್ಳು ಬರೆಯಕ್ಕೂ ಬರದ ಮನುಷ್ಯ ನನ್ನ ಮುಖ ನೋಡ್ತಾರಾ?"

"ಮತ್ತೇನು ಮಾಡ್ತೀಯಾ?"

"ಗಾಡಿ ಕಲ್ಲುಗುಂಡಿನ ಹಾಗಿದೆ. ಗುರುವಾರ ಕೀ ತಿರುಗಿಸ್ತೀನಿ, ಸ್ಟಾರ್ಟ್ ಆಗುತ್ತೆ. ಗಾಡಿ ಉಳಿಯುತ್ತೆ. ಯಾರಿಗೂ ಏನೂ ಗೊತ್ತಾಗಲ್ಲ."

ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಎಷ್ಟು ಸಂಸಾರಗಳು ನಿಂತಿವೆಯೋ! ಅತ್ತಿಗೆ ನಿಟ್ಟುಸಿರು ಬಿಟ್ಟಳು, ಅಷ್ಟೇ.

* * *

ಗುರುವಾರ ಹತ್ತು ಗಂಟೆ. ವರ್ಕ್‌ಶಾಪಿನ ಅಂಗಳ.

ಬೆಳಿಗ್ಗೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಗಿ ಅಂಗಳಕ್ಕೆ ಬಂದಿತ್ತು. ಅವಳು ಅದನ್ನು ನಿಲ್ಲಿಸಿ ಗಾಜು ಒರೆಸಿದಳು. ಆಮೇಲೆ ಅನುಮಾನ ಬಂತು. 'ಒರೆಸುವಾಗ ಮಂಡಿ ತಾಗಿ ಸ್ವಿಚ್ ಆಫ್ ಆಯ್ತಾ?' ಮುಟ್ಟಿ ನೋಡಿದಳು. ಆನ್ ಇತ್ತು. 'ನಿಜವಾಗ್ಲೂ?' ಆಫ್ ಮಾಡಿ, ಆನ್ ಮಾಡಿದಳು. 'ಎಲ್ಲಾದ್ರೂ ಉಲ್ಟಾ...?' ಆಫ್. ಆನ್. ಮತ್ತೆ ಆಫ್, ಮತ್ತೆ ಆನ್.

ಬಾಗಿಲ ಬೀಗ ಎಳೆದು ಎಳೆದು ನೋಡಿ, ಬೀಗವನ್ನೇ ಕಿತ್ತುಹಾಕುವವರಿರುತ್ತಾರಲ್ಲ, ಹಾಗೆ.

ತಪಾಸಣಾಧಿಕಾರಿ ಐವತ್ತೈದು ದಾಟಿದ ಹೆಂಗಸು. ಕನ್ನಡಕ ಸರದಲ್ಲಿ ನೇತಾಡುತ್ತಿತ್ತು, ನಗು ಎಲ್ಲೂ ನೇತಾಡುತ್ತಿರಲಿಲ್ಲ.

"ಮೂರು ಅವಕಾಶ. ಒಂದೊಂದು ಸಲ ಹತ್ತು ಸೆಕೆಂಡ್. ಸ್ಟಾರ್ಟ್ ಆದ್ರೆ ಗಾಡಿ ನಿಮ್ಮದು. ಶುರು ಮಾಡಮ್ಮ."

ಅವಳು ಕೀ ತಿರುಗಿಸಿದಳು.

ಕರ್ರ್... ಕರ್ರ್... ಕರ್ರ್... ಕರ್ರ್...

ಏನು?! ಇಲ್ಲ... ಇಲ್ಲ ಇಲ್ಲ ಇಲ್ಲ!

"ಒಂದು," ಎಂದರು ಅಧಿಕಾರಿ.

ಬೆರಳು ಸ್ವಿಚ್ಚಿಗೆ ಹಾರಿತು. ಆನ್ ಇದೆ. ಆನ್ ಇದೆಯಲ್ಲ! ಮತ್ತೆ ಕೀ. ಕರ್ರ್... ಕರ್ರ್... ಕರ್ರ್...

"ಎರಡು. ಮೆಕ್ಯಾನಿಕ್ ಎಲ್ಲಿ?"

ಅವನು ಅಲ್ಲೇ ಇದ್ದ. ಬಂದು ಟ್ಯಾಂಕಿಗೆ ಕಿವಿಯಿಟ್ಟ. ಅವಳು ಹೇಳಿಸಿಕೊಳ್ಳದೆಯೇ ಕೀ ಒಂದು ಮೆಟ್ಟಿಲು ತಿರುಗಿಸಿದಳು. ಅವನ ಮುಖ ನೋಡಿದಳು. ಝುಂ ಇಲ್ಲ.

"ಹದಿನೈದು ನಿಮಿಷ ಕೊಡ್ತೀನಿ," ಅಧಿಕಾರಿ ಗಡಿಯಾರ ನೋಡಿಕೊಂಡರು. "ಆದ್ರೆ ಒಂದು ತಿಳ್ಕೊಳ್ಳಿ. ಸುಮ್ನೆ ಸ್ಟಾರ್ಟ್ ಆದ್ರೆ ಸಾಲದು. ಕಾರಣ ಏನು ಅಂತ ನನಗೆ ಕಾಣಬೇಕು. ನಾಲ್ಕನೇ ಖಾಲಿ ಕಾಲಂಗೆ ನಾನು ಸಹಿ ಹಾಕಲ್ಲ."

ಅವನು ಫ್ಯೂಸ್ ತೆಗೆದು ಬೆಳಕಿಗೆ ಹಿಡಿದ. ಚೆನ್ನಾಗಿತ್ತು. ಪಂಪಿಗೆ ಕರೆಂಟ್ ಬಿಡುವ ರಿಲೇ ಬದಲಿಸಿ ನೋಡಿದ. ಚೆನ್ನಾಗಿತ್ತು. ಅವಳ ಪಕ್ಕ ಬಗ್ಗಿ, ತುಟಿ ಅಲುಗಿಸದೆ ಕೇಳಿದ:

"ಸ್ವಿಚ್ ಹಾಕಿದೀರಿ ತಾನೆ?"

"ಹಾಕಿದೀನಿ ಕಣ್ರೀ, ನೂರು ಸಲ ನೋಡ..."

ಅರ್ಧದಲ್ಲೇ ನಿಂತಳು.

ಮೆಲ್ಲಗೆ ಅವನ ಕಡೆ ತಿರುಗಿದಳು.

"ನಿಮಗೆ... ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊದಲನೇ ದಿನದಿಂದ. ಫ್ಯೂಸ್ ನೋಡಕ್ಕೆ ಬಗ್ಗಿದಾಗ ಕಣ್ಣಿಗೆ ಬಿತ್ತು. ಹಿಂದೆ ಇಪ್ಪತ್ತು ಗಾಡಿ, ನೀವು ಅಳೋ ಹಾಗಿದ್ರಿ. ಅಷ್ಟು ಜನರೆದುರು 'ಸ್ವಿಚ್ಚೇ ಹಾಕಿಲ್ಲವಲ್ಲ' ಅನ್ನೋಕೆ ಮನಸ್ಸು ಬರಲಿಲ್ಲ."

ಅವನು ಸ್ಪ್ಯಾನರ್ ತರಲು ಅಷ್ಟು ನಿಧಾನ ಹೋದದ್ದು... ಬಿಸಿಯಿಲ್ಲದ ಕಾಫಿಯನ್ನು ಅಷ್ಟು ಹೊತ್ತು ಕುಡಿದದ್ದು...! ಅವಳ ಕಿವಿಯ ತುದಿ ಬೆಂಕಿಯಾಯಿತು.

"ಇವತ್ತೂ ನಾನು ಆಟ ಆಡ್ತಿದೀನಿ ಅಂದ್ಕೊಂಡ್ರಾ?"

"ಇಲ್ಲ," ಎಂದ. "ಇವತ್ತು ಹಸಿರು ಓಲೆ ಇಲ್ಲವಲ್ಲ."

ದೇವರೇ! ಓಲೆಯನ್ನೂ...!

"ಏನು ಅಲ್ಲಿ ಗುಸುಗುಸು?" ಅಧಿಕಾರಿಯ ದನಿ. "ಆರು ನಿಮಿಷ ಉಳೀತು."

ಅವನು ಇನ್ನೂ ಮೆತ್ತಗೆ ಹೇಳಿದ, "ಸ್ವಿಚ್ಚಿನ ವೈರೇ ಹೋಗಿರಬೇಕು. ಡ್ಯಾಶ್‌ಬೋರ್ಡ್ ಕೆಳಗಿನ ಈ ಪಟ್ಟಿ ಬಿಚ್ಚಿದ್ರೆ ಎರಡು ನಿಮಿಷದ ಕೆಲಸ. ಆದ್ರೆ ಬಿಚ್ಚಿದ್ರೆ ಅವರಿಗೂ ಕಾಣುತ್ತೆ. ಮೂರು ಸಲದ್ದೂ ಕೇಳ್ತಾರೆ. ನೀವು ಬೇಡ ಅಂದ್ರೆ ನಾನು ಮುಟ್ಟಲ್ಲ. ನನಗೆ ಗೊತ್ತಾಗಲಿಲ್ಲ ಅಂತ ಹೇಳಿಬಿಡ್ತೀನಿ."

ಸುಳ್ಳು ಬರೆಯಲು ಬಾರದ ಮನುಷ್ಯ, ತನಗಾಗಿ ಬಾಯಲ್ಲಿ ಸುಳ್ಳು ಹೇಳಲು ಸಿದ್ಧನಾಗಿ ನಿಂತಿದ್ದ. ತನ್ನ ಕಸುಬಿಗೇ ಅವಮಾನ ತಂದುಕೊಳ್ಳುವ ಸುಳ್ಳು. ಅವನ ಹಣೆಯ ಮೇಲೆ ಬೆವರಿನ ಹನಿಯೊಂದು ಎಣ್ಣೆಯ ಕಲೆಯನ್ನು ದಾಟಲಾರದೆ ನಿಂತಿತ್ತು.

ಅವಳ ಕಣ್ಣ ಮುಂದೆ ಬುಟ್ಟಿಯೊಂದು ಇಳಿಯಿತು. ಖಾಲಿಯಾಗಿ ಮೇಲೇರಿತು.

ಅವಳು ಗಾಡಿಯಿಂದ ಧುಮುಕಿದಳು.

"ಮೇಡಂ! ಕಾರಣ ನನಗೆ ಗೊತ್ತು. ಅದು ನಾನೇ!"

ಅಂಗಳದಲ್ಲಿ ಯಾರದೋ ಕೈಯಿಂದ ಸ್ಪ್ಯಾನರ್ ಠಣ್ಣನೆ ಬಿತ್ತು.

"ಡ್ಯಾಶ್‌ಬೋರ್ಡ್ ಅಡಿಯಲ್ಲಿ ಒಂದು ಕಳ್ಳ ಸ್ವಿಚ್ ಇದೆ. ಹಳೇ ಡ್ರೈವರ್ ಹಾಕ್ಸಿದ್ದು. ಮೊದಲನೇ ಸಲ ನಾನು ಅದನ್ನ ಮರೆತೆ. ಎರಡನೇ ಸಲ, ಮೂರನೇ ಸಲ... ಬೇಕಂತಲೇ ಆಫ್ ಮಾಡಿದೆ. ಗಾಡೀದು ಏನೂ ತಪ್ಪಿಲ್ಲ ಮೇಡಂ!"

ಅಧಿಕಾರಿ ಕನ್ನಡಕ ಏರಿಸಿದರು. "ಬೇಕಂತಲೇ? ಯಾಕೆ?"

ಉಸಿರು ಗಂಟಲಲ್ಲಿ ಕರ್ರ್ ಕರ್ರ್ ಎಂದಿತು. ಹೊತ್ತಿಕೊಳ್ಳಲಿಲ್ಲ. ಮತ್ತೊಮ್ಮೆ ಎಳೆದುಕೊಂಡಳು.

"ಇವರು ಬರ್ಲಿ ಅಂತ."

"ಯಾರು?"

"ಇವರು!" ಬೆರಳು ತೋರಿಸಿದಳು. ಬೆರಳಿನ ತುದಿಯಲ್ಲಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಕಂಬದಂತೆ ನಿಂತಿದ್ದ.

"ಮೆಕ್ಯಾನಿಕ್ ಬರ್ಲಿ ಅಂತ ಗಾಡಿ ನಿಲ್ಲಿಸಿದ್ರಾ? ಅಲ್ಲಮ್ಮ, ಒಂದು ಫೋನ್ ಮಾಡಬಹುದಿತ್ತಲ್ಲ!"

"ಏನಂತ ಮಾಡ್ಲಿ ಮೇಡಂ?"

"ನಾಲ್ಕು ನಿಮಿಷ," ಎಂದರು ಅಧಿಕಾರಿ, ಗಡಿಯಾರದ ಕಡೆ ತಿರುಗಿ.

ಅವನಿಗೆ ಆಗ ಎಚ್ಚರವಾಯಿತು! ನಾಲ್ಕು ತಿರುಪು ಬಿಚ್ಚಿ ಪಟ್ಟಿ ಎಳೆದ. ಹಳೇ ಸ್ವಿಚ್ಚು ನೇತಾಡುತ್ತ ಹೊರಗೆ ಬಂತು. ಅದರ ಒಂದು ವೈರ್ ಬುಡದಲ್ಲೇ ತುಂಡಾಗಿತ್ತು.

"ಬೆಳಿಗ್ಗೆ ಎಷ್ಟು ಸಲ ಆನ್ ಆಫ್ ಮಾಡಿದ್ರಿ?"

"ಆರು... ಎಂಟು..."

"ಮೂವತ್ತು ವರ್ಷದ ತಾಮ್ರ ಮೇಡಂ. ಅದಕ್ಕೂ ಒಂದು ತಾಳ್ಮೆ ಇರುತ್ತೆ."

ಸ್ವಿಚ್ಚನ್ನು ಕತ್ತರಿಸಿ ತೆಗೆದ. ಎರಡು ವೈರಿನ ತುದಿ ಕೆರೆದು, ಒಂದಕ್ಕೊಂದು ಹೊಸೆದು, ಬಿಗಿಯಾಗಿ ಟೇಪ್ ಸುತ್ತಿದ. ಓಡಿಹೋಗಿ ಟ್ಯಾಂಕಿಗೆ ಕಿವಿಯಿಟ್ಟ.

"ಒಂದು ಮೆಟ್ಟಿಲು!"

ಅವಳು ತಿರುಗಿಸಿದಳು. ಅವನು ಕಣ್ಣು ಮುಚ್ಚಿದ.

ಝುಂ...

"ಝುಂ ಅಂತು! ಅಂತು! ಹೊಡೀರಿ ಸೆಲ್ಫ್!"

ಕರ್ರ್... ಗುರ್ರ್ರ್ರ್!

ಎರಡು ಸಾವಿರ ಪುಸ್ತಕಗಳೂ ಶೆಲ್ಫಿನಲ್ಲಿ ಒಮ್ಮೆಲೇ ನಡುಗಿದವು. ಅವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ, ಎಂಜಿನ್ ಸದ್ದಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಅಧಿಕಾರಿ ತುಂಡಾದ ವೈರನ್ನು ತಿರುಗಿಸಿ ನೋಡಿದರು. ಆಮೇಲೆ ಮೆಕ್ಯಾನಿಕ್ಕನ್ನು.

"ನಿಮಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ."

"ಗೊತ್ತಿತ್ತು ಮೇಡಂ."

"ಮತ್ತೆ ಖಾಲಿ ಯಾಕೆ ಬಿಟ್ರಿ?"

"ನಿಜ ಬರೆದಿದ್ರೆ ಇವರ ಕೆಲಸಕ್ಕೆ ಕುತ್ತು. ಸುಳ್ಳು ಬರೆಯಕ್ಕೆ ಬರಲ್ಲ. ಮತ್ತೆ..." ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ.

"ಮತ್ತೆ?"

"ಸ್ವಿಚ್ ಅಂತ ಒಂದ್ಸಲ ಬರೆದುಬಿಟ್ಟಿದ್ರೆ ಇವರು ಮತ್ತೆ ನನ್ನ ಕರೀತಾನೇ ಇರಲಿಲ್ಲ ಮೇಡಂ."

ಸ್ಟೀರಿಂಗಿನ ಮೇಲಿನ ತಲೆ ಸರಕ್ಕನೆ ಎದ್ದಿತು.

ಅಧಿಕಾರಿ ಇಬ್ಬರನ್ನೂ ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿದರು. "ಗಾಡಿ ಪಾಸ್. ನೀವಿಬ್ಬರೂ ಫೇಲ್. ಇಬ್ಬರಿಗೂ ಎಚ್ಚರಿಕೆ ಪತ್ರ ಬರುತ್ತೆ. ಮೂರು ಖಾಲಿ ಕಾಲಂಗೆ ಮೂರು ಭಾನುವಾರ ಇಲ್ಲಿಗೆ ಬಂದು ಈ ಗಾಡಿ ಪೂರ್ತಿ ರಿಪೇರಿ ಮಾಡಿ. ಇಬ್ಬರೂ. ಬೆಳಿಗ್ಗೆಯಿಂದ ಸಂಜೆವರೆಗೂ."

"ಭಾನುವಾರಾನಾ ಮೇಡಂ?" ಎಂದ ಅವನು, ಆದಷ್ಟು ದುಃಖದಿಂದ. ಅಷ್ಟೇನೂ ಆಗಲಿಲ್ಲ.

"ಶಿಕ್ಷೆ ಅಂದ್ರೆ ಶಿಕ್ಷೆ," ಎಂದು ಅವರು ಬೆನ್ನು ತಿರುಗಿಸಿದರು. ನಗುವನ್ನು ಗೇಟಿನವರೆಗೂ ಹಿಡಿದುಕೊಂಡರೆಂದು ಅಲ್ಲಿದ್ದವರು ಆಮೇಲೆ ಹೇಳಿದರು.

* * *

ಅಂಗಳ ಖಾಲಿಯಾಯಿತು. ಗಾಡಿ ಇನ್ನೂ ಗುರುಗುಡುತ್ತಿತ್ತು. ಇಬ್ಬರಿಗೂ ಅದನ್ನು ನಿಲ್ಲಿಸಲು ಭಯ. ನಿಲ್ಲಿಸಿದರೆ ಮಾತಾಡಬೇಕಲ್ಲ!

ಅವನು ಲಾಗ್ ಪುಸ್ತಕ ತೆಗೆದ. ದಿನಾಂಕ, ಸ್ಥಳ, ಲಕ್ಷಣ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

"ಏನಂತ ಬರೀತೀರಾ?" ಕಿಟಕಿಯಿಂದ ಬಗ್ಗಿದಳು.

"ಸ್ವಿಚ್ಚಿನ ವೈರ್ ತುಂಡು. ಸ್ವಿಚ್ ತೆಗೆದುಹಾಕಲಾಗಿದೆ." ಬರೆದು, ಸಹಿ ಹಾಕಿ, ಕಿತ್ತ ಸ್ವಿಚ್ಚನ್ನು ಅವಳ ಅಂಗೈಯಲ್ಲಿಟ್ಟ. "ತಗೊಳ್ಳಿ. ಇನ್ನು ಕಳ್ಳರಿಗೂ ಅಡ್ಡಿಯಿಲ್ಲ, ನಿಮಗೂ ನೆಪವಿಲ್ಲ."

ಅವಳು ಸ್ವಿಚ್ಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಅದು ಇನ್ನೂ ಅವನ ಕೈಯ ಬಿಸಿಯಲ್ಲಿತ್ತು.

"ಅವತ್ತು ಪೀಡೆ ಅಂತೆಲ್ಲ ಅಂದೆ. ನನಗೆ ನನ್ನ ಮೇಲೇ ಸಿಟ್ಟಿತ್ತು, ನಿಮ್ಮ ಮೇಲೆ ತೀರಿಸಿಕೊಂಡೆ. ತಪ್ಪಾಯ್ತು."

"ನಾನೂ ಅವತ್ತೇ ಬಾಯಿ ಬಿಡಬೇಕಿತ್ತು. ಬಾಯಿ ತೆಗೆದೆ, ಸೆಲ್ಫ್ ತಗೊಳ್ತು, ಸ್ಟಾರ್ಟ್ ಆಗಲಿಲ್ಲ."

ಅವಳು ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು.

"ಸುಳ್ಳುಗಾರ್ತಿ ಅಂತ ಬೇಜಾರಿಲ್ವಾ?"

"ದಿನಾ ಬೆಳಿಗ್ಗೆ ನಿಮ್ಮ ಗಾಡಿ ವರ್ಕ್‌ಶಾಪ್ ಮುಂದೆ ನಿಧಾನ ಆಗುತ್ತಲ್ಲ, ಆಗ ಲಾರಿ ಕೆಳಗಿಂದ ಚಕ್ರದ ಸಂದೀಲಿ ನಿಮ್ಮ ಕಿವಿ ನೋಡ್ತಿದ್ದೆ. ಹಸಿರು ಕಂಡ್ರೆ ಸೈಕಲ್‌ಗೆ ಗಾಳಿ ಹೊಡೆದು ರೆಡಿ ಇಟ್ಕೊಳ್ತಿದ್ದೆ." ಅವನು ನೆಲ ನೋಡಿದ. "ನಾನೇನು ಸತ್ಯವಂತನಾ?"

ಗಾಳಿ ಇತ್ತು. ಪೆಟ್ರೋಲಿತ್ತು. ಕಿಡಿ ಮಾತ್ರ ಸ್ವಲ್ಪ ತಡವಾಗಿ ಹಾರಿತು.

ಅವಳು ಪಕ್ಕದ ಸೀಟಿನ ಮೇಲಿದ್ದ ಪುಸ್ತಕಗಳನ್ನು ಸರಿಸಿ ಜಾಗ ಮಾಡಿದಳು. "ಬುಟ್ಟಿ ಟೀಚರ್‌ಗೆ ಗಾಡಿ ಉಳೀತು ಅಂತ ಹೇಳ್ಬೇಕು. ಬರ್ತೀರಾ?"

ಅವನು ಎಣ್ಣೆಯ ಅಂಗಿ ನೋಡಿಕೊಂಡ. ಸೀಟು ನೋಡಿದ. ಹತ್ತಿ ಕೂತ.

ಗೇಟು ದಾಟುವಾಗ ಅವಳು ರಸ್ತೆಯ ಮೇಲೇ ಕಣ್ಣಿಟ್ಟು, ಪಿಸುಗುಟ್ಟಿದ ಹಾಗೆ ಕೇಳಿದಳು:

"ರೀ... ಇನ್ಮೇಲೆ ಗಾಡಿ ಕೆಡದೇ ಇದ್ರೂ ಬರ್ತೀರಾ?"

"ಇಷ್ಟು ದಿನ," ಎಂದ ಅವನು, "ಕೆಟ್ಟಿದೆ ಅಂತ ಬರ್ತಿದ್ನಾ?"